ಅತ್ತೆಯ ಜೋಗುಳ, ಏಳು ಎಣಿಕೆ, ನಾಲ್ಕು ಸಾಫ್ಟ್‌ವೇರ್

ಕೆಲಸ ಇಷ್ಟೇ. ತಂಗಿಯ ಮಗುವಿನ ತೊಟ್ಟಿಲು ಶಾಸ್ತ್ರಕ್ಕೆ ಇನ್ನೂ ಮೂರು ವಾರ ಇತ್ತು. ನಮ್ಮ ಸೋದರತ್ತೆ ಒಂದು ಜೋಗುಳ ಹಾಡುತ್ತಾರೆ. ಅವರ ಅಮ್ಮನಿಂದ ಬಂದದ್ದು, ಎಲ್ಲೂ ಬರೆದಿಟ್ಟಿಲ್ಲ. ಅದನ್ನು ಮನೆಯಲ್ಲೇ ರೆಕಾರ್ಡ್ ಮಾಡಿ, ಹಿಂದೆ ತಂಬೂರಿ ಶ್ರುತಿ, ಸ್ವಲ್ಪ ಹಾರ್ಮೋನಿಯಂ, ಒಂದು ಕಂಜಿರ, ಸಾಧ್ಯವಾದರೆ ಒಂದು ಕೊಳಲು ಸೇರಿಸಿ ಮೂರು ನಿಮಿಷದ ಹಾಡು ಮಾಡಿಕೊಡುತ್ತೇನೆ ಅಂತ ಎಲ್ಲರೂ ಊಟಕ್ಕೆ ಕೂತಿದ್ದಾಗ ಹೇಳಿಬಿಟ್ಟೆ. ಹೇಳುವಾಗ ಏನೂ ಕಷ್ಟ ಕಾಣಲಿಲ್ಲ.

ನಾನು ಸಂಗೀತದವನಲ್ಲ. ಹಾರ್ಮೋನಿಯಂ ಸುಮಾರಾಗಿ ಬಾರಿಸುತ್ತೇನೆ, ಕಂಜಿರ ಅದಕ್ಕಿಂತ ಸುಮಾರು. ಹೊಸಬರಿಗೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಅಂತ ಹುಡುಕಿದರೆ ಎಲ್ಲರೂ ಕೊಡುವುದು ಒಂದೇ ಥರದ ಪಟ್ಟಿ, ಇದರಲ್ಲಿ ಎಷ್ಟು ಟ್ರ್ಯಾಕು, ಅದರಲ್ಲಿ ಎಷ್ಟು ಲೂಪು (ತಿರುತಿರುಗಿ ಬರುವ ಸಿದ್ಧ ತುಣುಕು), ಯಾವುದು ಪುಕ್ಕಟೆ. ಅದನ್ನು ಓದಿ ನನಗೆ ಒಂದೂ ತಿಳಿಯಲಿಲ್ಲ. ಹಾಗಾಗಿ ಇದೇ ಒಂದು ಹಾಡನ್ನು ನಾಲ್ಕು ಕಡೆ ಕಟ್ಟಿ ನೋಡಿದೆ: ಆಡಾಸಿಟಿ, ಎಲ್‌ಎಂಎಂಎಸ್, ಗ್ಯಾರೇಜ್‌ಬ್ಯಾಂಡ್, ರೀಪರ್. ಮಧ್ಯೆ ಒಂದೆರಡನ್ನು ಮುಟ್ಟಿ ಬಿಟ್ಟೆ, ಅದನ್ನೂ ಹೇಳುತ್ತೇನೆ.

ಹಾಡಿನ ಬಗ್ಗೆ ಮೂರು ಮಾತು ಮೊದಲೇ ಹೇಳಬೇಕು, ಯಾಕೆಂದರೆ ಎಲ್ಲಾ ತಲೆನೋವು ಅಲ್ಲಿಂದಲೇ ಬಂತು. ಒಂದು, ಅದು ಏಳು ಎಣಿಕೆಯ ಹಾಡು, ತಕಿಟ ತಕಧಿಮಿ, ಮಿಶ್ರ ಛಾಪಿನ ನಡೆ. ಎರಡು, ಅತ್ತೆ ಶ್ರುತಿಪೆಟ್ಟಿಗೆ ಕೇಳಿ ಹಾಡಿದವರಲ್ಲ, ಬಾಯಿಗೆ ಬಂದ ಷಡ್ಜವೇ ಷಡ್ಜ. ಮೂರು, ಅವರ ಕಾಲ, ಅಂದರೆ ವೇಗ, ಹಾಡ್ತಾ ಹಾಡ್ತಾ ಸ್ವಲ್ಪ ಏರುತ್ತದೆ. ಮಗು ಮಲಗಲಿ ಅಂತಲೋ, ತಾನು ಬೇಗ ಮುಗಿಸಿ ಒಲೆ ನೋಡಬೇಕು ಅಂತಲೋ, ದೇವರಿಗೇ ಗೊತ್ತು.

ಮೊದಲ ಶನಿವಾರ: ಉಗ್ರಾಣ ಮತ್ತು ಗುಂಯ್‌ ಶಬ್ದ

ಊರು ಸಾಗರ ಪೇಟೆಯ ಹತ್ತಿರ, ಕಾಲ ಆಷಾಢ. ಶೀಟಿನ ಮಾಡಿನ ಮೇಲೆ ಮಳೆ ಬೀಳುವಾಗ ರೆಕಾರ್ಡಿಂಗ್ ಅನ್ನುವ ಮಾತೇ ಇಲ್ಲ. ಹೆಂಚಿನ ಮಾಡಿರುವುದು ಉಗ್ರಾಣಕ್ಕೆ ಮಾತ್ರ. ಅಲ್ಲಿ ಅಡಿಕೆ ಚೀಲ, ಅಕ್ಕಿ ಮೂಟೆ, ಹಳೆ ಹತ್ತಿ ಹಾಸಿಗೆ ಎಲ್ಲಾ ಪೇರಿಸಿಟ್ಟಿದ್ದಾರೆ. ಒಳಗೆ ಹೋಗಿ ಚಪ್ಪಾಳೆ ತಟ್ಟಿದೆ, ಪ್ರತಿಧ್ವನಿಯೇ ಇಲ್ಲ! ಸ್ಟುಡಿಯೋದವರು ದುಡ್ಡು ಕೊಟ್ಟು ಮಾಡಿಸುವುದನ್ನು ನಮ್ಮಜ್ಜ ಅಡಿಕೆ ಇಡೋಕೆ ಅಂತ ಮಾಡಿಟ್ಟಿದ್ದರು. ಎರಡು ಕಂಬಳಿ ಹಗ್ಗಕ್ಕೆ ನೇತುಹಾಕಿ, ಅವುಗಳ ಮುಂದೆ ಅತ್ತೆಗೆ ಮಣೆ, ಬಾಯಿಂದ ಒಂದು ಗೇಣು ದೂರದಲ್ಲಿ ಮೈಕು.

ಸಾಮಾನು: ಒಂಬತ್ತು ವರ್ಷ ಹಳೆಯ ಲ್ಯಾಪ್‌ಟಾಪ್, 8 ಜಿಬಿ ರ‍್ಯಾಮ್, ವಿಂಡೋಸ್ 10. ಮೈಕಿನ ಶಬ್ದವನ್ನು ಕಂಪ್ಯೂಟರಿಗೆ ದಾಟಿಸುವ, ಎರಡು ತೂತಿನ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್. ಎರವಲು ತಂದ ಕಂಡೆನ್ಸರ್ ಮೈಕು, ಅದಕ್ಕೆ ಇಂಟರ್‌ಫೇಸಿನಿಂದ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕು. ಆ ಗುಂಡಿ ಒತ್ತದೆ ಮೈಕೇ ಹಾಳಾಗಿದೆ ಅಂತ ಅರ್ಧ ಗಂಟೆ ಕೊರಗಿದ್ದೇನೆ, ನೀವು ಕೊರಗಬೇಡಿ. 25 ಮನೆಯ ಒಂದು ಪುಟ್ಟ ಮಿಡಿ ಕೀಬೋರ್ಡ್, ಅದಕ್ಕೆ ಸ್ವಂತ ದನಿ ಇಲ್ಲ, ಯಾವ ಮನೆ ಒತ್ತಿದೆ ಅಂತ ಕಂಪ್ಯೂಟರಿಗೆ ಹೇಳುತ್ತದೆ ಅಷ್ಟೇ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್.

ಮೊದಲ ಟೇಕಿನಲ್ಲೇ ಕೆಳಗೆ ಗುಂಯ್‌ ಅಂತ ಶಬ್ದ. ಆಡಾಸಿಟಿಯಲ್ಲಿ ಅನಲೈಜ್ ಮೆನುವಿನ ಪ್ಲಾಟ್ ಸ್ಪೆಕ್ಟ್ರಮ್ ತೆರೆದು ನೋಡಿದರೆ 50 ಹರ್ಟ್ಸ್, 100, 150ರಲ್ಲಿ ಮೂರು ಗುಡ್ಡ ಎದ್ದು ನಿಂತಿವೆ. ನಮ್ಮ ಕರೆಂಟು 50 ಹರ್ಟ್ಸ್ ಅಲ್ವಾ, ಕಳ್ಳ ಅಲ್ಲೇ ಸಿಕ್ಕಿಬಿದ್ದ. ಚಾರ್ಜರ್ ಕಿತ್ತೆ, ಶಬ್ದ ಮಾಯ. ಉಗ್ರಾಣದಲ್ಲಿದ್ದದ್ದು ಎರಡು ಪಿನ್ನಿನ ಹಳೆ ಸಾಕೆಟ್ಟು. ಮೂರು ಪಿನ್ನಿನ ಪ್ಲಗ್ಗನ್ನು ಅಡಾಪ್ಟರ್ ಹಾಕಿ ಅದಕ್ಕೆ ಸಿಕ್ಕಿಸಿದ್ದೆ, ಅರ್ತ್ ಎಲ್ಲೂ ತಾಗಿರಲಿಲ್ಲ. ಅಡುಗೆಮನೆಯ ಮೂರು ಪಿನ್ನಿನ ಸಾಕೆಟ್ಟಿನಿಂದ ಉದ್ದದ ಎಕ್ಸ್‌ಟೆನ್ಷನ್ ಎಳೆದ ಮೇಲೆ ಮುಕ್ಕಾಲು ಪಾಲು ಹೋಯಿತು. ಆದರೂ ಹಾಡಿನ ಟೇಕುಗಳನ್ನೆಲ್ಲ ಬ್ಯಾಟರಿಯಲ್ಲೇ ತೆಗೆದೆ. ಬ್ಯಾಟರಿ ನಿಲ್ಲುವುದು ನಲವತ್ತು ನಿಮಿಷ, ಅತ್ತೆಯ ತಾಳ್ಮೆಯೂ ಹೆಚ್ಚುಕಮ್ಮಿ ಅಷ್ಟೇ.

ಗುಂಯ್‌ ಶಬ್ದವನ್ನು ಆಮೇಲೆ ಸಾಫ್ಟ್‌ವೇರಿನಲ್ಲಿ ತೆಗೆದರಾಯಿತು ಅಂದುಕೊಳ್ಳುವವರಿಗೆ ಒಂದು ಮಾತು. ತೆಗೆಯಬಹುದು. ಆದರೆ ಹೆಂಗಸರ ದನಿಯ ಕೆಳಗಿನ ಸ್ವರಗಳು 150, 200ರ ಹತ್ತಿರವೇ ಓಡಾಡುತ್ತವೆ. ಗುಡ್ಡ ಕಡಿಯಲು ಹೋದರೆ ಪಕ್ಕದ ಗದ್ದೆಯೂ ಹೋಗುತ್ತದೆ.

ಆಡಾಸಿಟಿ: ಟೇಪ್ ರೆಕಾರ್ಡರ್ ಗೊತ್ತಿದ್ದರೆ ಇದೂ ಗೊತ್ತು

ಇದು ಪುಕ್ಕಟೆ, ಮುಕ್ತ ತಂತ್ರಾಂಶ, 2000ದಿಂದ ಜನರ ಕೈಯಲ್ಲಿದೆ. ಕೆಂಪು ಗುಂಡಿ ಒತ್ತಿದರೆ ರೆಕಾರ್ಡು, ಹಸಿರು ಒತ್ತಿದರೆ ಪ್ಲೇ. ತಾಳ ಯಾವುದು, ಟೆಂಪೋ (ನಿಮಿಷಕ್ಕೆ ಎಷ್ಟು ಎಣಿಕೆ) ಎಷ್ಟು ಅಂತ ಕೇಳದೆ ಸುಮ್ನೆ ಕೇಳಿಸಿಕೊಳ್ಳುತ್ತದೆ. ಅತ್ತೆಗೆ ಹೆದರಿಕೆ ಆಗದಿದ್ದದ್ದು ಇದರಲ್ಲೇ. ಪರದೆಯ ಮೇಲೆ ತನ್ನ ದನಿ ಗೆರೆಗೆರೆಯಾಗಿ ಹೋಗುವುದನ್ನು ನೋಡಿ "ಇದು ನಮ್ಮ ಗುಡ್ಡದ ಸಾಲಿನ ಹಾಗೇ ಇದೆ" ಅಂದರು.

ದನಿಯ ಗಟ್ಟಿ ಜಾಗಗಳು ಮೈನಸ್ 12 ಡಿಬಿ (0 ದಾಟಿದರೆ ದನಿ ಒಡೆಯುತ್ತದೆ) ಹತ್ತಿರ ಬರುವ ಹಾಗೆ ಇಂಟರ್‌ಫೇಸಿನ ತಿರುಪು ಇಟ್ಟೆ. ಇನ್ನೂ ಏರಿಸಬೇಕು ಅನಿಸುತ್ತದೆ, ಏರಿಸಬೇಡಿ. 24 ಬಿಟ್ಟಿನಲ್ಲಿ ರೆಕಾರ್ಡ್ ಮಾಡುತ್ತಿದ್ದರೆ ಸಣ್ಣ ದನಿಯನ್ನು ಆಮೇಲೆ ದೊಡ್ಡದು ಮಾಡಬಹುದು, ಒಡೆದ ದನಿಯನ್ನು ಕೂಡಿಸಲು ಆಗುವುದಿಲ್ಲ. 48,000 ಹರ್ಟ್ಸ್, 24 ಬಿಟ್, ಒಂದು ಚಾನಲ್, ಹೀಗೆ ಇಟ್ಟರೆ ನಿಮಿಷಕ್ಕೆ ಸುಮಾರು 8.6 ಎಂಬಿ. ಹನ್ನೊಂದು ಟೇಕು ತೆಗೆದೆ, ಪೆನ್‌ಡ್ರೈವಿಗೆ ಅದು ಲೆಕ್ಕವೇ ಅಲ್ಲ.

ತೊಂದರೆ ಶುರುವಾದದ್ದು ಎರಡನೇ ಟ್ರ್ಯಾಕಿಗೆ. ಅತ್ತೆಯ ಹಾಡು ಹೆಡ್‌ಫೋನಿನಲ್ಲಿ ಕೇಳುತ್ತಾ ನಾನು ಕಂಜಿರ ಬಾರಿಸಿದೆ. ಬಾರಿಸುವಾಗ ಸರಿ ಇತ್ತು, ತಿರುಗಿ ಕೇಳಿದರೆ ಎಲ್ಲಾ ಪೆಟ್ಟೂ ತಡ. ನನ್ನ ಕೈಯೇ ಸರಿ ಇಲ್ಲ ಅಂದುಕೊಂಡು ಆರು ಸಲ ಬಾರಿಸಿದೆ. ಆಮೇಲೆ ಗೊತ್ತಾಯಿತು, ಕಂಪ್ಯೂಟರಿನಿಂದ ಹೊರಗೆ ಬಂದು ಮೈಕಿನ ಮೂಲಕ ಒಳಗೆ ಹೋಗುವಷ್ಟರಲ್ಲಿ ಶಬ್ದ ಕೆಲವು ಮಿಲಿಸೆಕೆಂಡ್ ಕಳೆದುಕೊಳ್ಳುತ್ತದೆ. ಆಡಾಸಿಟಿ ಅದಕ್ಕೆ ಅಂತ ಲೇಟೆನ್ಸಿ ಕಾಂಪೆನ್ಸೇಷನ್ ಅನ್ನುವ ಒಂದು ಸಂಖ್ಯೆ ಇಟ್ಟುಕೊಂಡಿದೆ. ಮೊದಲಿನಿಂದ ಅದು ಮೈನಸ್ 130 ಮಿಲಿಸೆಕೆಂಡ್. ಅದು ಒಂದು ಅಂದಾಜು, ನಿಮ್ಮ ಯಂತ್ರಕ್ಕೆ ಹೊಂದಬೇಕೆಂದೇನೂ ಇಲ್ಲ.

ಅಳೆಯುವುದು ಸುಲಭ. ಜನರೇಟ್ ಮೆನುವಿನಲ್ಲಿ ರಿದಮ್ ಟ್ರ್ಯಾಕ್ ಇದೆ, ಟಿಕ್ ಟಿಕ್ ಶಬ್ದ ಮಾಡಿಕೊಡುತ್ತದೆ. ಹೆಡ್‌ಫೋನಿನ ಒಂದು ಬಟ್ಟಲನ್ನು ಮೈಕಿಗೆ ಒತ್ತಿ ಹಿಡಿದು ಆ ಟಿಕ್ಕನ್ನೇ ಇನ್ನೊಂದು ಟ್ರ್ಯಾಕಿಗೆ ರೆಕಾರ್ಡ್ ಮಾಡಿ. ದೊಡ್ಡದು ಮಾಡಿ ನೋಡಿದರೆ ಎರಡು ಟಿಕ್ಕಿನ ನಡುವೆ ಎಷ್ಟು ಅಂತರ ಅಂತ ಕಾಣುತ್ತದೆ. ನನ್ನದು 62 ಮಿಲಿಸೆಕೆಂಡ್ ಇನ್ನೂ ತಡ ಇತ್ತು. ಅಂದರೆ ಸಂಖ್ಯೆಯನ್ನು ಮೈನಸ್ 192 ಮಾಡಬೇಕು. 62 ಮಿಲಿಸೆಕೆಂಡ್ ಏನು ಮಹಾ ಅನಿಸಬಹುದು. ಗಾಳಿಯಲ್ಲಿ ಶಬ್ದ ಅಷ್ಟರಲ್ಲಿ 21 ಮೀಟರ್ ಹೋಗುತ್ತದೆ. ಅತ್ತೆ ಉಗ್ರಾಣದಲ್ಲಿ ಹಾಡುತ್ತಿದ್ದರೆ ನಾನು ಕೊಟ್ಟಿಗೆಯ ಆಚೆ ಕೂತು ಅದಕ್ಕೆ ಬಾರಿಸಿದ ಹಾಗೆ.

ಇನ್ನೊಂದು ತಪ್ಪು ಪೂರ್ತಿ ನನ್ನದೇ. ನಾಯ್ಸ್ ರಿಡಕ್ಷನ್ ಅಂತ ಇದೆ. ಮೂರು ಸೆಕೆಂಡ್ ಖಾಲಿ ಕೋಣೆಯ ಶಬ್ದ ಆಯ್ದು 'ಇದೇ ಗಲಾಟೆ' ಅಂತ ತೋರಿಸಿ, ಆಮೇಲೆ ಇಡೀ ಹಾಡಿಗೆ ಹಾಕಬೇಕು. ಎಷ್ಟು ಡಿಬಿ ತಗ್ಗಿಸಬೇಕು ಅಂತಲೂ ಹೇಳಬೇಕು. ನಾನು ಆಸೆಬುರುಕ, 30 ಹಾಕಿದೆ. ಅತ್ತೆಯ ದನಿ ಹಂಡೆಯೊಳಗೆ ಮುಳುಗಿಸಿದ ಹಾಗೆ ಬುಳಬುಳ ಅನ್ನತೊಡಗಿತು. 6 ಸಾಕಿತ್ತು. ಜೊತೆಗೆ ಅವರ ಬಳೆ ಶಬ್ದ. ಹಾಡುವಾಗ ತೊಡೆ ಮೇಲೆ ತಾಳ ಹಾಕುತ್ತಾರೆ, ಗಾಜಿನ ಬಳೆ ಕಿಣಿಕಿಣಿ. ಒಂದು ಇಡೀ ಸಂಜೆ ಕೂತು, ಯಾವ ಹೊತ್ತಿಗೆ ಯಾವ ಎತ್ತರದ ಶಬ್ದ ಅಂತ ಬಣ್ಣದಲ್ಲಿ ತೋರಿಸುವ ಸ್ಪೆಕ್ಟ್ರೋಗ್ರಾಮ್ ನೋಟದಲ್ಲಿ ಒಂದೊಂದೇ ಬಳೆಯನ್ನು ಆಯ್ದು ಅಳಿಸಿದೆ. ನೂರಕ್ಕೂ ಜಾಸ್ತಿ ಇದ್ದವು. ಈ ಬಳೆಯ ವಿಷಯ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ. ಅಳಿಸುವ ಮುಂಚೆ ಮೂಲ ಫೈಲಿನ ಪ್ರತಿ ಇಟ್ಟುಕೊಂಡಿದ್ದು ನನ್ನ ಪುಣ್ಯ.

ಆಡಾಸಿಟಿಯಲ್ಲಿ ಎಫೆಕ್ಟ್ ಹಾಕಿದರೆ ಅದು ಶಬ್ದದೊಳಗೇ ಬೆಂದುಹೋಗುತ್ತದೆ ಅನ್ನುವ ದೂರು ಹಳೆಯದು. 2022ರಲ್ಲಿ ಬಂದ 3.2ರಿಂದ ಅದು ಅರ್ಧ ತೀರಿದೆ. ಈಗ ಇಕ್ವಲೈಜರ್ (ದಪ್ಪ, ಚೂಪು ದನಿಗಳನ್ನು ಬೇರೆ ಬೇರೆಯಾಗಿ ಏರಿಳಿಸುವುದು), ರಿವರ್ಬ್ (ಕೋಣೆಯ ಪ್ರತಿಧ್ವನಿ) ಥರದ್ದನ್ನು ಟ್ರ್ಯಾಕಿನ ಮೇಲೆ ತೂಗುಹಾಕಿ, ಕೇಳ್ತಾ ಕೇಳ್ತಾ ತಿರುಗಿಸಬಹುದು, ಬೇಡವಾದರೆ ತೆಗೆಯಬಹುದು. ಆದರೆ ಮಿಡಿ ಕೀಬೋರ್ಡ್ ಸಿಕ್ಕಿಸಿ ನುಡಿಸುತ್ತೇನೆ ಅಂದರೆ ಇಲ್ಲಿ ಅದು ನಡೆಯಲ್ಲ. ಇದು ರೆಕಾರ್ಡರು, ವಾದ್ಯ ಅಲ್ಲ.

ಷಡ್ಜ ಎಲ್ಲಿದೆ?

ಹಾರ್ಮೋನಿಯಂ ಸೇರಿಸೋಕೆ ಹೋದಾಗ ಗೊತ್ತಾಯಿತು, ಅತ್ತೆ ಹಾರ್ಮೋನಿಯಮ್ಮಿನ ಎರಡು ಮನೆಗಳ ನಡುವಿನ ಗೋಡೆಯ ಮೇಲೆ ಕೂತಿದ್ದಾರೆ. ಬಿಳಿ ಐದು ಅಂದರೆ 196 ಹರ್ಟ್ಸ್. ಅದರ ಮುಂದಿನ ಕಪ್ಪು ಮನೆ 207.65. ಅತ್ತೆಯ ಷಡ್ಜ 201. ಅಂದರೆ ಬಿಳಿ ಐದಕ್ಕಿಂತ 44 ಸೆಂಟ್ ಮೇಲೆ (ಒಂದು ಮನೆಗೆ 100 ಸೆಂಟ್), ಅರ್ಧ ಮನೆಗೆ ಸ್ವಲ್ಪ ಕಡಿಮೆ.

ಇಲ್ಲಿ ಎರಡು ದಾರಿ. ಅತ್ತೆಯನ್ನು ಎಳೆದು ಹಾರ್ಮೋನಿಯಮ್ಮಿಗೆ ತರುವುದು ಒಂದು. ಹಾರ್ಮೋನಿಯಮ್ಮನ್ನು ಅತ್ತೆಯ ಹತ್ತಿರ ಕಳಿಸುವುದು ಇನ್ನೊಂದು. ಮೊದಲನೆಯದನ್ನು ಪಿಚ್ ಕರೆಕ್ಷನ್ ಹಾಕಿ ಮಾಡಿ ನೋಡಿದೆ. ಅಯ್ಯೋ. ಆ ಉಪಕರಣಕ್ಕೆ ಗೊತ್ತಿರುವುದು ಹನ್ನೆರಡು ಮೆಟ್ಟಿಲು ಮಾತ್ರ. ಅತ್ತೆ ಗಾಂಧಾರವನ್ನು ತೂಗಿದರೆ ಅದು ಒಂದೊಂದು ತೂಗಾಟವನ್ನೂ ಹತ್ತಿರದ ಮೆಟ್ಟಿಲಿಗೆ ಕಟ್ಟಿಹಾಕುತ್ತದೆ. ತೊಟ್ಟಿಲು ತೂಗುವ ಹಾಡಿನಲ್ಲಿ ತೂಗುವುದೇ ನಿಂತುಹೋಯಿತು. ಆಮೇಲೆ ಆ ಕಡೆ ತಲೆ ಹಾಕಲಿಲ್ಲ. ಹಾರ್ಮೋನಿಯಮ್ಮನ್ನು ಬಿಳಿ ಐದರಲ್ಲೇ ಬಾರಿಸಿ, ರೆಕಾರ್ಡ್ ಆದ ಮೇಲೆ 0.44 ಮನೆ ಏರಿಸಿದೆ. ಯಾರಿಗೂ ಗೊತ್ತಾಗುವುದಿಲ್ಲ.

ಎಲ್‌ಎಂಎಂಎಸ್: ತಾಳ ಮೊದಲು, ಹಾಡು ಆಮೇಲೆ

ಇದೂ ಪುಕ್ಕಟೆ, ಲಿನಕ್ಸಿನಲ್ಲಿ ಹುಟ್ಟಿ ಈಗ ವಿಂಡೋಸಿನಲ್ಲೂ ಓಡುತ್ತದೆ. ಹಳೆ ಲ್ಯಾಪ್‌ಟಾಪಿಗೆ ಭಾರವೇ ಅಲ್ಲ. ತೆರೆದ ಕೂಡಲೇ ಟೆಂಪೋ 140 ಅಂತ ನಿಂತಿರುತ್ತದೆ. ಜೋಗುಳಕ್ಕೆ 140! ಮಗು ಎದ್ದು ಕುಣಿಯಬೇಕು.

ಒಂದು ವಿಷಯ ನಾನು ಇನ್‌ಸ್ಟಾಲ್ ಮಾಡಿದ ಮೇಲೆ ತಿಳಿದುಕೊಂಡೆ, ನೀವು ಮುಂಚೆಯೇ ತಿಳಿದುಕೊಳ್ಳಿ. ನಾನು ಹಾಕಿಕೊಂಡ 1.2 ಆವೃತ್ತಿಯಲ್ಲಿ ಮೈಕಿನಿಂದ ನೇರ ರೆಕಾರ್ಡ್ ಮಾಡಲು ಆಗುವುದಿಲ್ಲ. ಬೇರೆ ಕಡೆ ರೆಕಾರ್ಡ್ ಮಾಡಿದ್ದನ್ನು ತಂದು ಸ್ಯಾಂಪಲ್ ಟ್ರ್ಯಾಕಿನಲ್ಲಿ ಇಡಬಹುದು, ಅಷ್ಟೇ. ಇದರ ಹುಟ್ಟೇ ಬೇರೆ ಕೆಲಸಕ್ಕೆ. ಬೀಟ್ ಕಟ್ಟು, ಬಾಸ್ ಕಟ್ಟು, ಪಿಯಾನೋ ರೋಲಿನಲ್ಲಿ ಸ್ವರ ಬಿಡಿಸು, ಒಂದರ ಮೇಲೊಂದು ಪೇರಿಸು.

ಆ ಕೆಲಸದಲ್ಲಿ ಇದು ನಿಜಕ್ಕೂ ಖುಷಿ ಕೊಡುತ್ತದೆ. ಮೇಲಿನ ಪೆಟ್ಟಿಗೆಯಲ್ಲಿ 7/8 ಹಾಕಿ, ಟೆಂಪೋ 81ಕ್ಕೆ ಇಳಿಸಿ, ಒಂದು ಕಂಜಿರ ಮಾದರಿ ಕಟ್ಟಿದೆ. ತಕಿಟದ ಮೂರರ ಮೇಲೆ ಒಂದು ಗುಮ್ಮು (ದಪ್ಪ ಪೆಟ್ಟು), ತಕಧಿಮಿಯ ನಾಲ್ಕರಲ್ಲಿ ಎರಡು ಚಾಪು (ಚುರುಕು ಪೆಟ್ಟು). ಹದಿನೈದು ನಿಮಿಷದಲ್ಲಿ ತಲೆದೂಗುವಂಥ ನಡೆ ಬಂತು. ಜೊತೆಗೆ ಬರುವ ಜಿನ್‌ಆಡ್‌ಸಬ್‌ಎಫ್‌ಎಕ್ಸ್ ಅನ್ನುವ, ಯಂತ್ರದಲ್ಲೇ ಶಬ್ದ ಹುಟ್ಟಿಸುವ ಸಿಂಥ್‌ನಲ್ಲಿ ತಂಬೂರಿಗೆ ಹತ್ತಿರದ ಒಂದು ನಾದ ಸಿಕ್ಕಿತು. ಪ-ಸ-ಸ-ಸ, ಕೊನೆಯದು ಮಂದ್ರ. ಪ್ರತಿ ವಾದ್ಯಕ್ಕೂ ಸೆಂಟಿನಲ್ಲಿ ತಿರುಗುವ ಪಿಚ್ ಗುಂಡಿ ಇದೆ, 44 ಮಾಡಿದೆ, ಅತ್ತೆಗೆ ಸೇರಿತು. ಕೊನೆಯ ಹಾಡಿನಲ್ಲಿ ಇರುವ ತಂಬೂರಿ ಇದೇ.

ಆಮೇಲೆ ಅತ್ತೆಯ ಹಾಡನ್ನು ತಂದು ಕಂಜಿರದ ಮೇಲೆ ಇಟ್ಟೆ. ಮೊದಲ ನಾಲ್ಕು ಸಾಲು ಗಂಡ ಹೆಂಡತಿ ಥರ ಹೋದವು. ಐದನೇ ಸಾಲಿಗೆ ಸಣ್ಣ ಜಗಳ. ಮೂರನೇ ಚರಣಕ್ಕೆ ಇಬ್ಬರೂ ಬೇರೆ ಬೇರೆ ಮನೆ. ಲೆಕ್ಕ ಹಾಕಿದೆ: ಶುರುವಿನಲ್ಲಿ ಅತ್ತೆಯ ಒಂದು ಆವರ್ತಕ್ಕೆ, ಅಂದರೆ ಏಳು ಎಣಿಕೆಯ ಒಂದು ಸುತ್ತಿಗೆ, 2.6 ಸೆಕೆಂಡ್, ಕೊನೆಗೆ 2.35. ಎಪ್ಪತ್ತು ಚಿಲ್ಲರೆ ಆವರ್ತ ಮುಗಿಯುವಾಗ ನನ್ನ ಯಂತ್ರದ ಕಂಜಿರ ಸುಮಾರು 9 ಸೆಕೆಂಡ್ ಹಿಂದೆ ಬಿದ್ದಿರುತ್ತದೆ.

ಟಿಕ್ ಟಿಕ್ ಕಿವಿಗೆ ಹಾಕಿ ಅದಕ್ಕೆ ಸರಿಯಾಗಿ ಹಾಡಿ ಅಂತ ಅತ್ತೆಯನ್ನು ಕೇಳಿದೆ. ಹಾಡಿದರು, ಪಾಪ. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಹಾಗಿತ್ತು. ಎರಡು ಸಾಲಿಗೆ ನಿಲ್ಲಿಸಿ "ಇದು ಯಾರೋ ಬಾಗಿಲು ಬಡೀತಾ ಇರೋ ಹಾಗಿದೆ, ನಾನು ಒಲ್ಲೆ" ಅಂದರು. ಸರಿಯಾಗೇ ಅಂದರು.

ನನಗೆ ಈ ಇಡೀ ಹೋಲಿಕೆಯ ತಿರುಳು ಸಿಕ್ಕಿದ್ದು ಅಲ್ಲಿ. ಹಾಡು ತಾಳದಿಂದ ಶುರುವಾಗುತ್ತದಾ, ದನಿಯಿಂದ ಶುರುವಾಗುತ್ತದಾ? ತಾಳದಿಂದ ಅಂದರೆ ಎಲ್‌ಎಂಎಂಎಸ್ ಅಥವಾ ಎಫ್‌ಎಲ್ ಸ್ಟುಡಿಯೋ ಥರದ್ದು ಚಿನ್ನ. ದನಿಯಿಂದ ಅಂದರೆ, ಪರದೆಯ ಚೌಕಳಿಯನ್ನು (ಎಣಿಕೆ ತೋರಿಸುವ ಗೆರೆಗಳನ್ನು) ದನಿಗೆ ತಕ್ಕ ಹಾಗೆ ಬಗ್ಗಿಸಲು ಬಿಡುವ ಸಾಫ್ಟ್‌ವೇರ್ ಬೇಕು. ಟ್ರ್ಯಾಕ್ ಎಷ್ಟು, ಲೂಪ್ ಎಷ್ಟು ಅನ್ನುವುದೆಲ್ಲ ಆಮೇಲಿನ ಮಾತು.

ಗ್ಯಾರೇಜ್‌ಬ್ಯಾಂಡ್: ಭಾವನ ಐಪ್ಯಾಡಿನಲ್ಲಿ ಒಂದು ಭಾನುವಾರ

ಆಪಲ್ 2004ರಲ್ಲಿ ತಂದದ್ದು, ಮ್ಯಾಕ್, ಐಫೋನ್, ಐಪ್ಯಾಡ್ ಇದ್ದವರಿಗೆ ಪುಕ್ಕಟೆ, ಮಿಕ್ಕವರಿಗೆ ಇಲ್ಲ. ನೋಡಲು ಇದರಷ್ಟು ಚೆಂದ ಯಾವುದೂ ಇಲ್ಲ. ಭಾವನ ಐಪ್ಯಾಡ್ ಕಸಿದುಕೊಂಡು ಶುರು ಮಾಡಿದೆ.

ಹೊಸಬರೆಲ್ಲ ಬೀಳುವ ಗುಂಡಿಗೆ ನಾನೂ ಬಿದ್ದೆ. ಅಲ್ಲಿ ಹಾಡಿನ ಒಂದು ಸೆಕ್ಷನ್ ಅಂದರೆ ತಾನಾಗಿ 8 ಬಾರ್ (ತಾಳದ ಸುತ್ತು) ಮಾತ್ರ. ಟೆಂಪೋ 110, ನಾಲ್ಕು ಎಣಿಕೆ. ಲೆಕ್ಕ ಹಾಕಿ, ಹದಿನೇಳು ಸೆಕೆಂಡು ಚಿಲ್ಲರೆ. ಅತ್ತೆ ಮೈಮರೆತು ಹಾಡುತ್ತಿದ್ದರು, ನಾನು ಕಣ್ಣುಮುಚ್ಚಿ ಕೇಳುತ್ತಿದ್ದೆ. ಹಾಡು ಮುಗಿದ ಮೇಲೆ ನೋಡಿದರೆ ಮೊದಲ ಎರಡು ಸಾಲು ಮಾತ್ರ ಇದೆ. ಬಲಗಡೆ ಮೇಲಿನ ಕೂಡು ಚಿಹ್ನೆ ಒತ್ತಿ ಸೆಕ್ಷನ್ನಿನ ಉದ್ದವನ್ನು ಆಟೋಮ್ಯಾಟಿಕ್ ಮಾಡಬೇಕಿತ್ತು. ಅತ್ತೆಗೆ ಹೇಳುವ ಧೈರ್ಯ ಆಗಲಿಲ್ಲ. "ಇನ್ನೊಂದು ಸಲ ಹಾಡಿ, ಮೊದಲಿನದಕ್ಕಿಂತ ಚೆನ್ನಾಗಿ ಬರಬಹುದು" ಅಂದೆ.

ಎರಡನೆಯ ಗುಂಡಿ ತಾಳದ್ದು. ನಾನು ನೋಡಿದ ಐಪ್ಯಾಡಿನಲ್ಲಿ ಆಯ್ಕೆ ಮೂರೇ: 4/4, 3/4, 6/8. ಏಳಕ್ಕೆ ಜಾಗ ಇಲ್ಲ. ಮೆಟ್ರೋನೋಮಿನ ಟಿಕ್ ಟಿಕ್ ನಿಲ್ಲಿಸಿ, ಗೆರೆಗಳ ಕಡೆ ನೋಡದೆ ಕೆಲಸ ಮಾಡಿದರೆ ನಡೆಯುತ್ತದೆ. ಆದರೆ ಅದರ ಲೂಪುಗಳು, ತಾನೇ ಬಾರಿಸುವ ಡ್ರಮ್ಮರ್, ಇವೇ ಅದರ ಜೀವ. ಏಳು ಎಣಿಕೆಯ ಹಾಡಿಗೆ ಅವ್ಯಾವೂ ಕೂರುವುದಿಲ್ಲ. ಮದುವೆ ಮನೆಗೆ ಹೋಗಿ ಬರೀ ನೀರು ಕುಡಿದು ಬಂದ ಹಾಗಾಯಿತು.

ಒಂದು ಮಾತ್ರ ಮರೆಯಲಾರೆ. ಇದರಲ್ಲಿ ಎರ್ಹು ಅಂತ ಎರಡು ತಂತಿಯ ಚೀನೀ ಪಿಟೀಲು ಇದೆ. ತಂತಿಯ ಮೇಲೆ ಬೆರಳು ಜಾರಿಸಿದರೆ ಸ್ವರ ಮೆಟ್ಟಿಲು ಹತ್ತುವುದಿಲ್ಲ, ಜಾರುತ್ತದೆ. ಮಿಡಿ ಕೀಬೋರ್ಡಿನ ಬಿಳಿ ಕಪ್ಪು ಮನೆ ಒತ್ತಿ, ಪಕ್ಕದ ಚಕ್ರ ತಿರುಗಿಸಿ ಗಮಕ ಮಾಡೋಕೆ ಎರಡು ದಿನ ಒದ್ದಾಡಿದ್ದೆ, ಸಾಮಾನ್ಯವಾಗಿ ಆ ಚಕ್ರ ಮೇಲೆ ಎರಡು ಮನೆ, ಕೆಳಗೆ ಎರಡು ಮನೆ ಅಷ್ಟೇ ಬಗ್ಗುತ್ತದೆ, ಅದೂ ಕೈ ತುಸು ನಡುಗಿದರೆ ಬೆಕ್ಕು ಕೂಗಿದ ಹಾಗೆ. ಇಲ್ಲಿ ಗಾಜಿನ ಮೇಲೆ ಒಂದು ಬೆರಳಿನಲ್ಲಿ ಅತ್ತೆಯ ಗಾಂಧಾರ ಹತ್ತಿರ ಹತ್ತಿರ ಬಂತು. ಹಾಡಿನಲ್ಲಿ ಹಾಕಲಿಲ್ಲ, ಸಾಗರದ ಜೋಗುಳಕ್ಕೆ ಚೀನೀ ಪಿಟೀಲು ಯಾಕೋ ಬೇಡ ಅನಿಸಿತು. ಆದರೆ ಸುಮ್ನೆ ಬೆರಳಾಡಿಸಿಕೊಂಡು ಒಂದು ಗಂಟೆ ಕೂತಿದ್ದೆ.

ರೀಪರ್: ಬಳೆಗಳು ವಾಪಸ್ ಬಂದವು

ಸೈಬರ್ ಸೆಂಟರಿನ ಕಾಲದಲ್ಲಿ ವಿನ್‌ಆಂಪ್‌ನಲ್ಲಿ ಹಾಡು ಕೇಳಿದವರು ಇದ್ದೀರಲ್ಲ, ಅದನ್ನು ಮಾಡಿದ ಜಸ್ಟಿನ್ ಫ್ರಾಂಕೆಲ್ ಅವರೇ ರೀಪರ್ ಶುರು ಮಾಡಿದವರು. 60 ದಿನ ಎಲ್ಲಾ ಸೌಲಭ್ಯ ಇಟ್ಟುಕೊಂಡು ಪರೀಕ್ಷೆ ಮಾಡಬಹುದು. ಆಮೇಲೆ ಮನೆ ಬಳಕೆಯವರಿಗೆ 60 ಡಾಲರಿನ ಲೈಸೆನ್ಸ್. ಇನ್‌ಸ್ಟಾಲ್ ಮಾಡುವ ಫೈಲು ಎಷ್ಟು ಚಿಕ್ಕದು ಅಂದರೆ ಹಳ್ಳಿಯ ನೆಟ್ಟಿನಲ್ಲೂ ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಇಳಿಯಿತು.

ತೆರೆದರೆ ಮಾತ್ರ ಎದೆ ಒಡೆಯುತ್ತದೆ. ಬೂದು ಬಣ್ಣದ ಖಾಲಿ ಬಯಲು. ವಾದ್ಯ ಇಲ್ಲ, ಲೂಪ್ ಇಲ್ಲ, ಬಾ ಕೂತ್ಕೋ ಅನ್ನುವವರಿಲ್ಲ. ಮೆನುಗಳೋ, ಸಂತೆ ಸಂತೆ. ಹೊಸಬರಿಗೆ ಇದನ್ನು ಕೊಡಬೇಡಿ ಅಂತ ಜನ ಹೇಳುವುದು ಅದಕ್ಕೇ. ನಾನೂ ಮೊದಲ ದಿನ ಮುಚ್ಚಿಟ್ಟೆ.

ಎರಡನೇ ದಿನ ಒಂದೇ ಒಂದು ಪ್ರಶ್ನೆ ಹಿಡಿದು ಕೂತೆ. ಅತ್ತೆಯ ಕಾಲಕ್ಕೆ ಚೌಕಳಿಯನ್ನು ಬಗ್ಗಿಸುವುದು ಹೇಗೆ? ರೀಪರಿನಲ್ಲಿ ಒಂದು ತುಂಡು ಕಾಲವನ್ನು ಮೌಸಿನಲ್ಲಿ ಆಯ್ದು 'ಇದು ಇಷ್ಟು ಬಾರ್' ಅಂತ ಹೇಳಬಹುದು. ಟೆಂಪೋವನ್ನು ಅದೇ ಲೆಕ್ಕ ಹಾಕಿಕೊಂಡು ಅಲ್ಲೊಂದು ಗುರುತು ನೆಡುತ್ತದೆ. ಅದಕ್ಕೆ ಮುಂಚೆ ಟ್ರ್ಯಾಕಿನ ಟೈಮ್‌ಬೇಸನ್ನು ಬೀಟ್ಸ್ ಬದಲು ಟೈಮ್ ಮಾಡಲೇಬೇಕು. ಮರೆತರೆ ಟೆಂಪೋ ಬದಲಾದಾಗ ಹಾಡಿನ ತುಂಡುಗಳೂ ಜರುಗುತ್ತವೆ. ನಾನು ಮರೆತೆ, ಕಂಟ್ರೋಲ್ ಝಡ್ ಒತ್ತಿ ಒತ್ತಿ ಬೆರಳು ಸವೆಯಿತು.

ಈಗ ಪ್ರತಿ ಸಾಲಿನ ಶುರು ಎಲ್ಲಿ ಅಂತ ಕರಾರುವಾಕ್ಕಾಗಿ ಗೊತ್ತಾಗಬೇಕು. ದನಿಯಲ್ಲಿ ಅದು ಕಾಣುವುದಿಲ್ಲ. ಅತ್ತೆ ಅಕ್ಷರವನ್ನು ಎಳೆದು ಎಳೆದು ತರುತ್ತಾರೆ, ಗೆರೆಯಲ್ಲಿ ಚೂಪೇ ಇಲ್ಲ. ತಲೆ ಕೆರೆದುಕೊಂಡು ಕೂತಿದ್ದಾಗ ಹೊಳೆಯಿತು: ಬಳೆ! ತೊಡೆ ಮೇಲೆ ಒಂದಕ್ಕೂ ನಾಲ್ಕಕ್ಕೂ ಪೆಟ್ಟು ಬೀಳುತ್ತದೆ, ಅಂದರೆ ತಕಿಟದ ಶುರು, ತಕಧಿಮಿಯ ಶುರು. ಆ ಪ್ರತಿ ಪೆಟ್ಟಿಗೂ ಬಳೆ ಕಿಣಿ ಅನ್ನುತ್ತದೆ, ಗೆರೆಯಲ್ಲಿ ಸೂಜಿಯ ಹಾಗೆ ನಿಲ್ಲುತ್ತದೆ. ಇಡೀ ಸಂಜೆ ಕೂತು ನಾನು ಅಳಿಸಿದ್ದು ಹಾಡಿನ ತಾಳವನ್ನೇ.

ಮೂಲ ಫೈಲ್ ವಾಪಸ್ ತಂದೆ. ನಾಲ್ಕು ಆವರ್ತಕ್ಕೆ ಒಂದು ಗುರುತಿನ ಹಾಗೆ ಬಳೆಯಿಂದ ಬಳೆಗೆ ಹದಿನೆಂಟು ಗುರುತು ನೆಟ್ಟೆ. ಎರಡು ಗಂಟೆ ಹಿಡಿಯಿತು. ಆಮೇಲೆ ಮೆಟ್ರೋನೋಮ್ ಹಾಕಿ ಕೇಳಿದರೆ, ಅದು ಅತ್ತೆಯ ಜೊತೆಗೇ ನಡೆಯುತ್ತಿದೆ. ಅವರು ಉಸಿರೆಳೆದುಕೊಂಡಲ್ಲಿ ಕಾಯುತ್ತದೆ, ಅವಸರ ಮಾಡಿದಲ್ಲಿ ಹೆಜ್ಜೆ ಹಾಕುತ್ತದೆ. ನಿಜ ಹೇಳಬೇಕೆಂದರೆ ಮೈ ಜುಮ್ ಅಂದಿತು.

ಇನ್ನು ಕಂಜಿರ. ನನ್ನ ಕೈ ಮೂರು ನಿಮಿಷ ನಿಲ್ಲುವುದಿಲ್ಲ ಅಂತ ಸಾಬೀತಾಗಿತ್ತು. ಹನ್ನೆರಡು ಬಿಡಿ ಪೆಟ್ಟು ರೆಕಾರ್ಡ್ ಮಾಡಿದೆ: ನೀರು ಸವರಿದ ಗುಮ್ಮು ನಾಲ್ಕು, ಚಾಪು ನಾಲ್ಕು, ಬರೀ ಬಿಲ್ಲೆಯ ಶಬ್ದ ನಾಲ್ಕು. ರೀಪರಿನ ಜೊತೆ ರಿಯಾಸ್ಯಾಂಪ್ಲೊಮ್ಯಾಟಿಕ್ 5000 ಅಂತ ಬರುತ್ತದೆ, ಹೆಸರು ಕೇಳಿದರೆ ಮಿಕ್ಸಿ ಜಾಹೀರಾತು, ಕೆಲಸ ಅದ್ಭುತ. ಒಂದೊಂದು ಪೆಟ್ಟನ್ನು ಮಿಡಿ ಕೀಬೋರ್ಡಿನ ಒಂದೊಂದು ಮನೆಗೆ ಕಟ್ಟಿದೆ, ಒಂದೇ ಥರದ ನಾಲ್ಕು ಪೆಟ್ಟು ಅಕ್ಕಪಕ್ಕ. ನುಡಿಸುವಾಗ ಬೆರಳು ಬದಲಿಸುತ್ತಾ ಹೋದರೆ ಯಂತ್ರದ ಹಾಗೆ ಕೇಳುವುದಿಲ್ಲ. ನುಡಿಸಿದ್ದನ್ನು ಚೌಕಳಿಗೆ ಪೂರ್ತಿ ಕಟ್ಟಲಿಲ್ಲ, ಅರ್ಧ ಮಾತ್ರ ಎಳೆದೆ. ಪೂರ್ತಿ ಎಳೆದರೆ ಮತ್ತೆ ಬಾಗಿಲು ಬಡಿದ ಹಾಗೆ.

ಕೀಬೋರ್ಡ್ ಒತ್ತಿದ ಮೇಲೆ ಶಬ್ದ ತಡವಾಗಿ ಬರುತ್ತಿತ್ತು. ಅದು ಬಫರಿನ ಆಟ, ಅಂದರೆ ಕಂಪ್ಯೂಟರ್ ಒಂದು ಸಲಕ್ಕೆ ಸೇರಿಸಿಟ್ಟು ಕಳಿಸುವ ಶಬ್ದದ ಕಂತೆ ಎಷ್ಟು ದೊಡ್ಡದು ಅನ್ನುವುದು. 1024 ಸ್ಯಾಂಪಲ್ ಬಫರ್ ಇದ್ದರೆ 44,100 ಹರ್ಟ್ಸಿನಲ್ಲಿ 23 ಮಿಲಿಸೆಕೆಂಡ್, 256ಕ್ಕೆ ಇಳಿಸಿದರೆ 6. ನುಡಿಸುವಾಗ 256, ಎಲ್ಲಾ ಮುಗಿದು ಮಿಕ್ಸ್ ಮಾಡುವಾಗ ಮತ್ತೆ 1024. ಹಳೆ ಲ್ಯಾಪ್‌ಟಾಪು ಅದಕ್ಕೆ ಒಪ್ಪಿತು. ಇಂಟರ್‌ಫೇಸಿನವರೇ ಕೊಡುವ ಎಎಸ್‌ಐಒ ಡ್ರೈವರ್ ಹಾಕಿಕೊಳ್ಳಿ, ಈ ತಡ ಕಡಿಮೆ ಮಾಡುವುದು ಅದೇ. ಇಂಟರ್‌ಫೇಸ್ ಇಲ್ಲದವರಿಗೆ ಎಎಸ್‌ಐಒ4ಆಲ್ ಅಂತ ಪುಕ್ಕಟೆ ಸಿಗುತ್ತದೆ.

ಮುಟ್ಟಿ ಬಿಟ್ಟವು

ಎಫ್‌ಎಲ್ ಸ್ಟುಡಿಯೋದ ಟ್ರಯಲ್‌ನಲ್ಲಿ ಪ್ರಾಜೆಕ್ಟ್ ಉಳಿಸಬಹುದು, ಆದರೆ ದುಡ್ಡು ಕಟ್ಟದೆ ಅದನ್ನು ತಿರುಗಿ ತೆರೆಯಲು ಆಗುವುದಿಲ್ಲ. ಕರೆಂಟು ದಿನಕ್ಕೆ ನಾಲ್ಕು ಸಲ ಹೋಗುವ ನಮ್ಮೂರಿಗೆ ಅದು ಆಗದ ಮಾತು. ಬೀಟ್ ಮಾಡುವ ಹುಡುಗರು ಅದನ್ನೇ ಯಾಕೆ ಇಷ್ಟಪಡುತ್ತಾರೆ ಅಂತ ಮಾತ್ರ ಗೊತ್ತಾಯಿತು, ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೆಲ್ಲ ಪುಕ್ಕಟೆ. ಏಬಲ್ಟನ್ ಲೈವ್ ವೇದಿಕೆಯ ಮೇಲೆ ತುಂಡುಗಳನ್ನು ಜೋಡಿಸಿ ಆಡುವವರಿಗೆ ಅನಿಸಿತು, ನನ್ನ ಕೆಲಸಕ್ಕೆ ಸೌದೆ ಒಡೆಯಲು ಚಾಕು ತಂದ ಹಾಗೆ.

ಬ್ಯಾಂಡ್‌ಲ್ಯಾಬ್ ಬ್ರೌಸರಿನಲ್ಲೇ ಓಡುತ್ತದೆ, ಮೊಬೈಲಿನಲ್ಲೂ. ಅದು ಉಪಯೋಗಕ್ಕೆ ಬಂದದ್ದು ಕೊಳಲಿಗೆ. ಚಿಕ್ಕಪ್ಪನ ಮಗ ಮಸ್ಕತ್‌ನಲ್ಲಿದ್ದಾನೆ, ಕೊಳಲು ನುಡಿಸುತ್ತಾನೆ. ತಂಬೂರಿ ಮತ್ತು ಅತ್ತೆಯ ದನಿಯನ್ನು 44 ಸೆಂಟ್ ಕೆಳಗಿಳಿಸಿ, ಅವನ ಕೊಳಲಿಗೆ ಹೊಂದುವ ಬಿಳಿ ಐದಕ್ಕೆ ತಂದು ಅಲ್ಲಿ ಹಾಕಿದೆ. ಅವನು ಶುಕ್ರವಾರ ರಜೆಯಲ್ಲಿ ಎಸಿ ಆರಿಸಿ, ಬೆವರುತ್ತಾ ಮೂರು ಟೇಕು ನುಡಿಸಿದ. ಕೊಳಲಿನ ಫೈಲನ್ನು ಇಳಿಸಿಕೊಂಡು ರೀಪರಿನಲ್ಲಿ ಮತ್ತೆ 44 ಸೆಂಟ್ ಏರಿಸಿದೆ. ಮಸ್ಕತ್ತಿನ ಕೊಳಲು ಅತ್ತೆಯ ಪಕ್ಕ ಕೂತಿತು.

ಕೊನೆಯ ವಾರ

ಮಿಕ್ಸಿನ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಅತ್ತೆಯ ದನಿಯಲ್ಲಿ 80 ಹರ್ಟ್ಸಿಗಿಂತ ಕೆಳಗಿನದನ್ನು ಕತ್ತರಿಸಿದೆ, ಉಗ್ರಾಣ ಒಣ ಅನಿಸಿದ್ದರಿಂದ ಸ್ವಲ್ಪ ರಿವರ್ಬ್. ಹಾರ್ಮೋನಿಯಂ ಎಡಕ್ಕೆ, ಕೊಳಲು ಬಲಕ್ಕೆ, ಆದರೆ ಬಹಳ ಅಲ್ಲ, ಯಾಕೆಂದರೆ ಶಾಸ್ತ್ರದ ದಿನ ಹಾಕುವುದು ಒಂದೇ ಒಂದು ಬ್ಲೂಟೂತ್ ಡಬ್ಬದಲ್ಲಿ. ಎಡ ಬಲ ಎರಡನ್ನೂ ಒಂದು ಮಾಡಿ (ಮೋನೋ) ಕೇಳಿದಾಗ ಹಾರ್ಮೋನಿಯಂ ಅತ್ತೆಯ ಮೇಲೆ ಕೂತಿತ್ತು, 3 ಡಿಬಿ ಇಳಿಸಿದೆ. ಒಟ್ಟು ಗಟ್ಟಿತನ ಮೈನಸ್ 14 ಎಲ್‌ಯುಎಫ್‌ಎಸ್, ಯೂಟ್ಯೂಬಿಗೂ ಸ್ಪಾಟಿಫೈಗೂ ಹೊಂದುವ ಅಳತೆ ಅದು.

ಬಳೆ ಹಾಗೇ ಇದೆ. ಕಂಜಿರದ ಬಿಲ್ಲೆಯ ಜೊತೆ ಸೇರಿಕೊಂಡು ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಅತ್ತೆಗೆ ಹೆಡ್‌ಫೋನ್ ಹಾಕಿ ಕೇಳಿಸಿದೆ. ಮುಗಿಯುವವರೆಗೂ ಸುಮ್ಮನಿದ್ದು, "ಎರಡನೇ ಚರಣದಲ್ಲಿ ಒಂದು ಮಾತು ತಪ್ಪು ಹೇಳಿದ್ದೀನಿ ಕಣೋ, ಯಾಕೆ ಹೇಳಲಿಲ್ಲ?" ಅಂದರು. ಬ್ಯಾಟರಿ 31 ಪರ್ಸೆಂಟ್ ಇತ್ತು, ಮಳೆ ಬಿಟ್ಟಿತ್ತು. ಆ ಒಂದು ಸಾಲನ್ನು ಮತ್ತೆ ಉಗ್ರಾಣದಲ್ಲಿ ಕೂತು ಹಾಡಿಸಿದೆ. ಎರಡು ಟೇಕು. ಎರಡನೆಯದು ಹಳೆಯದರ ಜಾಗದಲ್ಲಿ ಹೊಲಿಗೆ ಕಾಣದ ಹಾಗೆ ಕೂತಿತು, ಬಳೆ ಬಳೆಗೆ ತಾಗಿಸಿ ಇಟ್ಟೆ.

ರೀಪರಿಗೆ 60 ಡಾಲರ್ ಕಟ್ಟಿದ್ದೇನೆ. ಪ್ರಾಜೆಕ್ಟಿನ ಪ್ರತಿ ಒಂದು ಪೆನ್‌ಡ್ರೈವಿನಲ್ಲಿ, ಇನ್ನೊಂದು ಮಸ್ಕತ್‌ನಲ್ಲಿ. ಅತ್ತೆಯ ಹತ್ತಿರ ಇನ್ನೊಂದು ಹಾಡು ಇದೆಯಂತೆ, ನಾಟಿ ಮಾಡುವಾಗಿನದು, ಅದು ಐದು ಎಣಿಕೆಯದು. ಅದಕ್ಕೆ ಬಳೆ ಸಾಲುವುದಿಲ್ಲ, ಗದ್ದೆಗೆ ಹೋಗುವಾಗ ತೆಗೆದಿಡುತ್ತಾರೆ. ಚಪ್ಪಾಳೆ ಹಾಕಿಸಬೇಕು.